ಕೂಪನ್, ಗೇಜ್, ಪ್ರೋಬ್: ಒಂದೇ ಪೈಪಿಗೆ ಮೂರನ್ನೂ ಹಾಕಿ ನೋಡಿದೆವು

ದಾವಣಗೆರೆ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೆಂಟೇನೆನ್ಸ್ ನೋಡಿಕೊಳ್ಳುತ್ತೇನೆ. ಹೋದ ಹಂಗಾಮಿನಲ್ಲಿ ಟರ್ಬೈನಿನ ಕೂಲಿಂಗ್ ನೀರಿನ ಪೈಪು ಬೆಂಡಿನಲ್ಲಿ ತೂತಾಗಿ ಮಿಲ್ಲೇ ನಿಂತಿತು. ಕಬ್ಬಿನ ಗಾಡಿಗಳು ಗೇಟಿನಾಚೆ ಸಾಲುಗಟ್ಟಿ ನಿಂತದ್ದು ಇನ್ನೂ ಕಣ್ಣಮುಂದಿದೆ. ಈ ಸಲ ಅದೇ ಲೈನಿನಲ್ಲಿ ತುಕ್ಕನ್ನು ಮೂರು ಥರ ಅಳೆದೆವು.

ಕೂಪನ್ ಅಂದರೆ ತೂಗಿಟ್ಟ ಮೈಲ್ಡ್ ಸ್ಟೀಲ್ ಪಟ್ಟಿ. ನೈಲಾನ್ ಬೋಲ್ಟಿನಲ್ಲೇ ಬಿಗಿಯಬೇಕು, ಬೇರೆ ಲೋಹ ತಾಗಿದರೆ ಲೆಕ್ಕ ಕೆಡುತ್ತದೆ. 90 ದಿನ ನೀರಿನಲ್ಲಿಟ್ಟು, ತುಕ್ಕು ತೊಳೆದು ತೂಗಿದರೆ 0.8 ಗ್ರಾಂ ಕಡಿಮೆ. ಪಟ್ಟಿಯ ಮೈ 20.6 ಚದರ ಸೆಂ.ಮೀ. ಅಂದರೆ ವರ್ಷಕ್ಕೆ 0.2 ಮಿ.ಮೀ. ಸವೆತ.

ಶಬ್ದ ಕಳಿಸಿ ಪೈಪಿನ ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಥಿಕ್‌ನೆಸ್ ಗೇಜ್ ಮಾತ್ರ ನೇರ ಪೈಪಿನಲ್ಲಿ ಏನೂ ಬದಲಾಗಿಲ್ಲ ಎಂದಿತು. ಸರಿಯೇ ಅಲ್ವಾ? ಮೂರು ತಿಂಗಳಿಗೆ ಸವೆಯುವುದು 0.05 ಮಿ.ಮೀ., ನಮ್ಮ ಗೇಜ್ ಓದುವುದು 0.1ರ ಲೆಕ್ಕದಲ್ಲಿ. ಆದರೆ ಪಕ್ಕದ ಬೆಂಡಿಗೆ ಹಿಡಿದಾಗ ಎದೆ ಝಲ್ಲೆಂದಿತು. ನಾಲ್ಕು ವರ್ಷದ ಹಿಂದೆ 6 ಮಿ.ಮೀ. ಇದ್ದದ್ದು 4.1ಕ್ಕೆ ಇಳಿದಿತ್ತು. ನೀರು ತಿರುಗಿ ಬಡಿಯುವ ಕಡೆ ಸವೆತ ಎರಡು ಪಟ್ಟಿಗಿಂತ ಜಾಸ್ತಿ. ನೇರ ಪೈಪಿನಲ್ಲಿ ಕೂತ ಕೂಪನ್‌ಗೆ ಅದು ಗೊತ್ತಾಗುವುದೇ ಇಲ್ಲ. ಒಂದು ಎಚ್ಚರಿಕೆ: ಮೊದಲ ದಿನ ಪೇಂಟಿನ ಮೇಲೇ ಅಳೆದಿದ್ದೆವು. ಪೇಂಟಿನಲ್ಲಿ ಶಬ್ದ ನಿಧಾನವಾಗಿ ಸಾಗುವುದರಿಂದ ಪೈಪು ದಪ್ಪವಾಗಿಯೇ ಕಂಡಿತ್ತು. ಎಮರಿ ಹೊಡೆದು, ಗ್ರೀಸ್ ಹಚ್ಚಿ, ಪ್ರತಿ ಸಲ ಗುರುತು ಮಾಡಿದ ಅದೇ ಜಾಗದಲ್ಲಿ ಅಳೆಯಬೇಕು.

ಎಲ್‌ಪಿಆರ್ ಪ್ರೋಬ್, ಅಂದರೆ ನೀರಿನಲ್ಲಿಟ್ಟ ಲೋಹದ ತುದಿಗೆ ಸಣ್ಣ ವಿದ್ಯುತ್ ಕೊಟ್ಟು ತುಕ್ಕು ಅಳೆಯುವ ಸಾಧನ, ಕೆಲವೇ ನಿಮಿಷದಲ್ಲಿ ಸವೆತದ ವೇಗ ಹೇಳುತ್ತದೆ. ಭದ್ರಾ ನಾಲೆ ನಿಂತು ಬೋರ್ ನೀರಿಗೆ ಬದಲಾದ ಸಂಜೆಯೇ ರೀಡಿಂಗ್ ಏರಿತು, ಮರುದಿನ ಬೆಳಿಗ್ಗೆ ನೀರಿಗೆ ಹಾಕುವ ಇನ್ಹಿಬಿಟರ್ (ತುಕ್ಕು ತಡೆಯುವ ಕೆಮಿಕಲ್) ಡೋಸ್ ಹೆಚ್ಚಿಸಿದೆವು. ಕೂಪನ್ನಿನಲ್ಲಿ ಈ ಏರಿಳಿತ 90 ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದರೆ ಪಾಚಿ ಕಟ್ಟಿದರೆ ಪ್ರೋಬನ್ನು ನಂಬುವಂತಿಲ್ಲ, ವಾರಕ್ಕೊಮ್ಮೆ ತೊಳೆಯಲೇಬೇಕು. ಒಂದೇ ಕಡೆ ಆಳಕ್ಕಿಳಿಯುವ ಗುಳಿಯೂ ಅದರ ರೀಡಿಂಗಿನಲ್ಲಿ ಸಿಗುವುದಿಲ್ಲ. ಕೂಪನ್ನಿನ ತೂಕದಲ್ಲೂ ಸಿಗದು, ಆದರೆ ಪಟ್ಟಿಯನ್ನು ಲೆನ್ಸ್ ಹಿಡಿದು ನೋಡಿದರೆ ಕಾಣುತ್ತದೆ. ನಮ್ಮದರಲ್ಲಿ ಮೂರು ಗುಳಿ ಕಂಡವು.

ಒಂದಕ್ಕೇ ದುಡ್ಡಿದ್ದರೆ ಗೇಜ್ ಕೊಳ್ಳಿ. ಕೆಮಿಕಲ್ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಜೊತೆಗೆ ಕೂಪನ್ ಇರಲಿ, ಅದರ ಖರ್ಚು ಕಡಿಮೆ. 4.1ರ ಆ ಬೆಂಡನ್ನು ಹಂಗಾಮು ಮುಗಿದ ವಾರದಲ್ಲೇ ಬದಲಿಸಿದೆವು.