ಕಿಟಕಿ ಬದಲಿಸದೇ ಸೋರಿಕೆ ನಿಲ್ಲಿಸಿಕೊಟ್ಟರು

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಎರಡು ಮಳೆಗಾಲದಿಂದ ಪಡುವಣ ಕೋಣೆಯ ಕಿಟಕಿ ಕೆಳಗೆ ಗೋಡೆ ಒದ್ದೆಯಾಗುತ್ತಿತ್ತು. ಬಣ್ಣ ಉಬ್ಬಿ, ಬೆರಳಲ್ಲಿ ಒತ್ತಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ಮೊದಲು ಕಿಟಕಿ ಕೂರಿಸಿದವರನ್ನು ಕರೆದರೆ ಸುಮ್ನೆ ಸುತ್ತಲೂ ಸಿಲಿಕೋನ್ (ಸಂದು ಮುಚ್ಚುವ ಅಂಟು) ಬಳಿದು ಹೋದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಈ ಸಲ ನಮ್ಮೂರಿನ ಹುಮನಾಬಾದ್ ಬೇಸ್ ಹತ್ತಿರದ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಅಂಗಡಿಯವರನ್ನು ಕರೆಸಿದೆ. ಹೊಸ ಕಿಟಕಿ ಹಾಕಿಸಿ ಅಂತಾರೆ ಅಂದುಕೊಂಡಿದ್ದೆ. ಬಂದ ಮಿಸ್ತ್ರಿ ಕೇಳಿದ್ದು ಒಂದು ತಂಬಿಗೆ ನೀರು. ಹೊರಗಡೆ ಕಿಟಕಿ ಬುಡದ ಶಹಾಬಾದ್ ಕಲ್ಲಿನ ಮೇಲೆ ಸುರಿದರು. ನೀರು ಹೊರಗೆ ಇಳಿಯಲಿಲ್ಲ, ಸೀದಾ ಚೌಕಟ್ಟಿನ ಕಡೆಗೇ ಹರಿದು ಬಂತು. "ನೋಡ್ರಿ ಸರ, ಕಲ್ಲೇ ಒಳಗ ವಾಲ್ಯಾದ, ಕಿಟಕಿದೇನ್ ತಪ್ಪಿಲ್ಲ" ಅಂದರು. ಇನ್ನೊಂದು ತೋರಿಸಿದರು: ಸ್ಲೈಡಿಂಗ್ ಹಳಿಯಲ್ಲಿ ಬಿದ್ದ ನೀರು ಹೊರಗೆ ಹೋಗಲಿ ಅಂತ ಚೌಕಟ್ಟಿನಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ, ಹಿಂದಿನವರು ಅದನ್ನೂ ಸಿಲಿಕೋನ್‌ನಿಂದ ಮುಚ್ಚಿಬಿಟ್ಟಿದ್ದರು! ನೀರು ಇನ್ನೆಲ್ಲಿಗೆ ಹೋಗಬೇಕು ಹೇಳಿ?

ಕಲ್ಲು ಕಿತ್ತು ಹೊರಗೆ ಇಳಿಜಾರು ಕೊಟ್ಟು ಮತ್ತೆ ಕೂರಿಸಿದರು. ಕಲ್ಲಿನ ಅಂಚು ಗೋಡೆಯಿಂದ ಮುಂದೆ ಚಾಚಿದೆ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆದರು. ಈಗ ಹನಿ ಅಲ್ಲೇ ತೊಟ್ಟಿಕ್ಕುತ್ತೆ, ಗೋಡೆಗೆ ಅಂಟಿಕೊಂಡು ಇಳಿಯಲ್ಲ. ಚೌಕಟ್ಟಿನ ಸುತ್ತ ತುಂಬಿದ್ದ ಸಿಮೆಂಟ್ ಬಿರುಕು ಬಿಟ್ಟಿತ್ತು. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ, ನಮ್ಮೂರ ಮೇ ತಿಂಗಳ 42-43 ಡಿಗ್ರಿಗೆ ಗಟ್ಟಿ ಸಿಮೆಂಟ್ ತಡೆಯಲ್ಲ ಅಲ್ವಾ? ಅದನ್ನು ಕೆರೆದು ತೆಗೆದು ಫೋಮ್ (ಉಬ್ಬಿ ಸಂದು ತುಂಬುವ ನೊರೆ) ತುಂಬಿದರು. ಫೋಮ್‌ಗೆ ಬಿಸಿಲು ಬಿದ್ದರೆ ಹಾಳಾಗುತ್ತೆ ಅಂತ ಮೇಲೆ ಸಿಲಿಕೋನ್. ಅದನ್ನೂ ಗೋಡೆ ಪೂರ್ತಿ ಒಣಗಲಿ ಅಂತ ಒಂದು ದಿನ ಬಿಟ್ಟು, ಧೂಳು ಒರೆಸಿ ಎಳೆದರು. ಅವಸರ ಮಾಡದಿದ್ದದ್ದು ನನಗೆ ತುಂಬಾ ಹಿಡಿಸಿತು.

ಬೇಸರ ಅಂದರೆ, ಮಂಗಳವಾರ ಬರ್ತೀವಿ ಅಂದವರು ಗುರುವಾರ ಬಂದರು, ಫೋನೂ ಮಾಡಲಿಲ್ಲ. ಒಳಗಿನ ಗಾರೆ, ಬಣ್ಣ ನಾವೇ ಮಾಡಿಸಿಕೊಳ್ಳಬೇಕು. ಎಲ್ಲಾ ಸೇರಿ 4,500 ರೂಪಾಯಿ ಆಯಿತು. ಹೊಸ ಕಿಟಕಿಗೆ ಇದರ ಎಷ್ಟೋ ಪಟ್ಟು ಬೀಳುತ್ತಿತ್ತು.

ಹೋದ ವಾರ ರಾತ್ರಿಯಿಡೀ ಗಾಳಿಮಳೆ. ಬೆಳಿಗ್ಗೆ ಎದ್ದವನೇ ಕಿಟಕಿ ಕೆಳಗೆ ಅಂಗೈ ಇಟ್ಟು ನೋಡಿದೆ, ಒಣಗಿತ್ತು. ಹಿತ್ತಲ ಬಾಗಿಲ ಹೊಸ್ತಿಲಿನ ಕೆಲಸವನ್ನೂ ಇವರಿಗೇ ಹೇಳಿದ್ದೇನೆ.