ನಾಲ್ಕು ವರ್ಷ ಎನ್‌ಪಿಟೆಲ್ ಬಳಸಿದೆ: ಸಿಗ್ನಲ್ ಸಿಗದ ಊರಿನವರಿಗೆ ನನ್ನ ಅನುಭವ

ನಮ್ಮೂರು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹತ್ತಿರ. ಎಂಜಿನಿಯರಿಂಗ್ ಓದಿದ್ದು ಹಾಸನದಲ್ಲಿ, 2020ರಿಂದ 2024ರವರೆಗೆ. ಆ ನಾಲ್ಕು ವರ್ಷದಲ್ಲಿ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠ ಯೋಜನೆಯ ಐದು ಕೋರ್ಸ್‌ಗೆ ಸೇರಿದೆ, ನಾಲ್ಕರಲ್ಲಿ ಪರೀಕ್ಷೆ ಬರೆದೆ.

ಮೊದಲ ವರ್ಷ ಕೊರೊನಾದಿಂದಾಗಿ ಮನೆಯಲ್ಲೇ ಇದ್ದೆ, ಕಾಲೇಜಿನ ಪಾಠವೆಲ್ಲ ಹೆಚ್ಚಾಗಿ ಫೋನ್‌ನಲ್ಲಿ ಲೈವ್ ಕ್ಲಾಸ್. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ತೋಟದ ಮೇಲ್ತುದಿಯ ಬಂಡೆ ಹತ್ತಿದರೆ ಎರಡು ಕಡ್ಡಿ ಬರುತ್ತಿತ್ತು, ಅದೂ ಮಳೆ ಇಲ್ಲದಿದ್ದರೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನ್ ಹಿಡಿದು ನಿಂತು, ಮೇಡಂ ಹಾಜರಿ ಕೂಗುವಾಗ ನಾನು ‘ಪ್ರೆಸೆಂಟ್’ ಅಂದದ್ದು ಅವರಿಗೆ ಕೇಳಿಸದೆ ಗೈರು ಹಾಕಿದ ದಿನಗಳು ಎಷ್ಟೋ ಇವೆ. ಪಾಠ ತುಂಡು ತುಂಡಾಗಿ ಕೇಳುತ್ತಿತ್ತು, ಬಿಟ್ಟುಹೋದದ್ದು ಮತ್ತೆ ಸಿಗುತ್ತಿರಲಿಲ್ಲ. ತುಂಬಾ ಅತ್ತಿದ್ದೇನೆ.

ಆಗ ಸೀನಿಯರ್ ಒಬ್ಬರು ಎನ್‌ಪಿಟೆಲ್ ತೋರಿಸಿದರು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಇದು. ಸರ್ಟಿಫಿಕೇಟ್ ಕೋರ್ಸ್‌ಗಳು ಈಗ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣವಾದ ಸ್ವಯಂ ಪೋರ್ಟಲ್‌ನಲ್ಲಿ ನಡೆಯುತ್ತವೆ. ಸೇರಲು, ಪಾಠ ನೋಡಲು ದುಡ್ಡು ಕೊಡಬೇಕಿಲ್ಲ. ನನಗೆ ಮುಖ್ಯವಾದದ್ದು ಬೇರೆ: ಪಾಠಗಳೆಲ್ಲ ಮೊದಲೇ ರೆಕಾರ್ಡ್ ಆಗಿರುತ್ತವೆ, ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಸಕಲೇಶಪುರಕ್ಕೆ ಸಂತೆಗೋ ಆಸ್ಪತ್ರೆಗೋ ಹೋದ ದಿನ ಬಸ್‌ಸ್ಟ್ಯಾಂಡ್‌ನಲ್ಲಿ ಕೂತು ಒಂದು ವಾರದ ಪಾಠ ಇಳಿಸಿಕೊಂಡು ಬರುತ್ತಿದ್ದೆ. ಕಡಿಮೆ ಕ್ವಾಲಿಟಿಯಲ್ಲಿ ಇಳಿಸಿದರೂ ಬೋರ್ಡಿನ ಅಕ್ಷರ ಓದಲು ಆಗುತ್ತಿತ್ತು. ರಾತ್ರಿ ಮನೆಯಲ್ಲಿ ಅರ್ಥವಾಗದ ಜಾಗವನ್ನು ಮೂರು ನಾಲ್ಕು ಸಲ ಹಿಂದಕ್ಕೆ ಹಾಕಿ ಕೇಳುವ ಸ್ವಾತಂತ್ರ್ಯ ಇದೆಯಲ್ಲ, ಅದು ಲೈವ್ ಕ್ಲಾಸ್‌ನಲ್ಲಿ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ನಾನು ಮೊದಲು ತೆಗೆದುಕೊಂಡದ್ದು ಐಐಟಿ ಖರಗ್‌ಪುರದ ಸಿ ಪ್ರೋಗ್ರಾಮಿಂಗ್ ಕೋರ್ಸ್, 12 ವಾರದ್ದು. ಪಾಠ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ಎರಡು ವಾರ ಕಷ್ಟವಾಯಿತು. ಪಾಠದ ಬರಹರೂಪ ಪಿಡಿಎಫ್ ಆಗಿ ಸಿಗುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದು ಸಹಾಯ ಮಾಡಿತು. ಕೆಲವು ಕೋರ್ಸ್‌ಗಳಿಗೆ ಕನ್ನಡ ಅನುವಾದವೂ ಇದೆ, ಸೇರುವ ಮೊದಲು ಹುಡುಕಿ ನೋಡಿ.

ಇನ್ನು ನಮ್ಮ ಕಡೆಯವರು ನಿಜವಾಗಿ ಲೆಕ್ಕ ಹಾಕಬೇಕಾದ ವಿಷಯ ಸಮಯ. ಕೋರ್ಸ್‌ಗಳು ವರ್ಷಕ್ಕೆ ಎರಡು ಸಲ ಶುರುವಾಗುತ್ತವೆ, ಜನವರಿಯಲ್ಲಿ ಮತ್ತು ಜುಲೈನಲ್ಲಿ. ಜುಲೈ ಅಂದರೆ ಮಲೆನಾಡಿನಲ್ಲಿ ಏನು ಅಂತ ಹೇಳಬೇಕಾ? 2022ರ ಮಳೆಗಾಲದಲ್ಲಿ ಲೈನ್ ಮೇಲೆ ಸಿಲ್ವರ್ ಮರ ಬಿದ್ದು ನಮಗೆ ಆರು ದಿನ ಕರೆಂಟ್ ಇರಲಿಲ್ಲ. ಟವರ್ ಕೂಡ ಸತ್ತಿತ್ತು. ವಾರಾಂತ್ಯಕ್ಕೆ ಬಂದವಳು ಊರಲ್ಲೇ ಸಿಕ್ಕಿಹಾಕಿಕೊಂಡೆ. ವಾರದ ಅಸೈನ್‌ಮೆಂಟ್ ಬುಧವಾರ ರಾತ್ರಿ 11:59ರೊಳಗೆ ಹಾಕಬೇಕಿತ್ತು. ಪಾಠ ಕೇಳಿದ್ದೆ, ಉತ್ತರ ನೋಟ್‌ಬುಕ್‌ನಲ್ಲಿ ಬರೆದೂ ಇದ್ದೆ, ಹಾಕಲು ಮಾತ್ರ ದಾರಿ ಇರಲಿಲ್ಲ. ಆ ವಾರದ್ದು ಸೊನ್ನೆ.

ಆದರೂ ನಾನು ಪಾಸಾದೆ, ಯಾಕೆಂದರೆ 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಒಂದು ನಿಯಮಕ್ಕೆ ನಾನು ಎಷ್ಟು ಋಣಿಯೋ ಹೇಳಲಾರೆ. 8 ವಾರದ ಕೋರ್ಸ್‌ನಲ್ಲಿ 6 ಲೆಕ್ಕಕ್ಕೆ ಬರುತ್ತವೆ, 4 ವಾರದ್ದರಲ್ಲಿ 3. ಅಂದರೆ ಚಿಕ್ಕ ಕೋರ್ಸ್‌ನಲ್ಲಿ ಒಂದೇ ಒಂದು ವಾರ ತಪ್ಪಿಸಿಕೊಳ್ಳಬಹುದು. ಹಾಗಾಗಿ ಮಳೆಗಾಲದಲ್ಲಿ ಊರಲ್ಲೇ ಇರುವವರಿಗೆ 12 ವಾರದ್ದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ‘ಚಿಕ್ಕದು, ಬೇಗ ಮುಗಿಯುತ್ತೆ’ ಅಂತ ಸುಮ್ನೆ ಸೇರಬೇಡಿ. ಇನ್ನೊಂದು, ತುಂಬಾ ಕೋರ್ಸ್‌ಗಳು ಹಳೆಯವೇ ಮತ್ತೆ ನಡೆಯುತ್ತವೆ, ಹಿಂದಿನ ಸಲದ ಪಾಠ ಯೂಟ್ಯೂಬ್‌ನಲ್ಲಿ ಇರುತ್ತದೆ. ಮಳೆ ಹಿಡಿಯುವ ಮೊದಲೇ ಎಲ್ಲ ಇಳಿಸಿಟ್ಟುಕೊಳ್ಳಿ.

ಅಂಕ ಹೀಗೆ: ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ 25ಕ್ಕೆ 10, 75ಕ್ಕೆ 30 ಬರಲೇಬೇಕು. ನಾನು ಬರೆಯುವಾಗ ಪರೀಕ್ಷೆಗೆ 1000 ರೂಪಾಯಿ ಶುಲ್ಕ ಇತ್ತು. ಕೂಲಿ ಮಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ, ಅಲ್ವಾ? ನಾನು ಐದನೇ ಕೋರ್ಸ್‌ನ ಪರೀಕ್ಷೆ ಬಿಟ್ಟದ್ದೂ ಇದೇ ಕಾರಣಕ್ಕೆ. ಸರ್ಟಿಫಿಕೇಟ್ ಇಲ್ಲದಿದ್ದರೂ ಕಲಿತದ್ದು ಉಳಿಯಿತು. ಕಾಲೇಜು ಇದಕ್ಕೆ ಕ್ರೆಡಿಟ್ ಕೊಡುತ್ತದೆಯೇ, ಅಂದರೆ ಪದವಿಯ ಲೆಕ್ಕಕ್ಕೆ ಸೇರಿಸುತ್ತದೆಯೇ ಅಂತ ಮೊದಲೇ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.

ಪರೀಕ್ಷೆ ಮನೆಯಿಂದ ಬರೆಯುವಂತಿಲ್ಲ, ಕೇಂದ್ರಕ್ಕೇ ಹೋಗಬೇಕು. ನಾನು ಮೈಸೂರು ಆಯ್ಕೆ ಮಾಡಿಕೊಂಡಿದ್ದೆ. ಬೆಳಗ್ಗೆ 9ರ ಪರೀಕ್ಷೆಗೆ ಊರಿಂದ ಅದೇ ದಿನ ಹೊರಟರೆ ಆಗುವುದಿಲ್ಲ, ಹಿಂದಿನ ರಾತ್ರಿ ಗೆಳತಿಯ ಮನೆಯಲ್ಲಿ ಉಳಿದಿದ್ದೆ. ಮಧ್ಯಾಹ್ನ 2ರ ಸ್ಲಾಟ್ ಸಿಕ್ಕರೆ ಹಾಸನದಿಂದ ಬೆಳಗ್ಗಿನ ಬಸ್ ಹತ್ತಿದರೂ ಸಾಕು.

ಈಗ ತಂಗಿಯೂ ಸೇರಿದ್ದಾಳೆ, ಪೈಥಾನ್ ಕೋರ್ಸ್‌ಗೆ, ಜನವರಿಯದ್ದಕ್ಕೆ. ಕಾಫಿ ಕೊಯ್ಲಿನ ಕೆಲಸ ಇರುತ್ತದೆ ನಿಜ, ಆದರೆ ಕರೆಂಟ್ ಇರುತ್ತದೆ.