ಎರಡೆಕರೆ ರಾಗಿ ಹೊಲಕ್ಕೆ ಕಾರ್ಬನ್ ಕ್ರೆಡಿಟ್ಟೋ, ನೈಸರ್ಗಿಕ ಕೃಷಿ ಮಿಷನ್ನೋ?

"ಮಣ್ಣಲ್ಲಿ ಇಂಗಾಲ ಸೇರಿಸಿದರೆ ದುಡ್ಡು ಬರುತ್ತಂತೆ, ಕಾರ್ಬನ್ ಕ್ರೆಡಿಟ್ ಒಪ್ಪಂದಕ್ಕೆ ಸಹಿ ಹಾಕಲಾ?" ಅಂತ ಚಿಂತಾಮಣಿ ಕಡೆಯವರು ನನ್ನನ್ನು ಕೇಳುತ್ತಿರುತ್ತಾರೆ. 2015ರ ಪ್ಯಾರಿಸ್ ಹವಾಮಾನ ಸಭೆಯಲ್ಲಿ ಫ್ರಾನ್ಸ್ ‘ಸಾವಿರಕ್ಕೆ ನಾಲ್ಕು’ (ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಿಸುವ ಗುರಿ) ಶುರು ಮಾಡಿದ ಮೇಲೆ ಮಣ್ಣಿಗೆ ಬೆಲೆ ಜಾಸ್ತಿಯಾಗಿದೆ, ನಿಜ.

ಆದರೆ ಒಂದು ಕ್ರೆಡಿಟ್ ಅಂದರೆ ಗಾಳಿಯಿಂದ ಹಿಡಿದಿಟ್ಟ ಅಥವಾ ಗಾಳಿಗೆ ಸೇರದಂತೆ ತಡೆದ ಒಂದು ಟನ್ ಕಾರ್ಬನ್ ಡೈಆಕ್ಸೈಡ್, ಅದನ್ನು ಹೊಗೆ ಬಿಡುವ ಕಂಪನಿಗಳು ಕೊಳ್ಳುತ್ತವೆ. ಎರಡೆಕರೆಗೆ ಸಿಗುವುದು ಬೆರಳೆಣಿಕೆಯಷ್ಟು, ಅದರಲ್ಲೂ ಮಣ್ಣು ಪರೀಕ್ಷೆ, ತಪಾಸಣೆ, ಮಧ್ಯದ ಕಂಪನಿಯ ಪಾಲು ಎಲ್ಲ ಕಳೆದು ಉಳಿದದ್ದು ನಿಮ್ಮದು. ಒಪ್ಪಂದ ವರ್ಷಗಟ್ಟಲೆ ಇರುತ್ತದೆ. ಮಧ್ಯೆ ಹೊಲ ಗುತ್ತಿಗೆಗೆ ಕೊಟ್ಟರೆ, ಅವರು ಆಳವಾಗಿ ಉತ್ತರೆ ಮಣ್ಣಿನ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ, ಕಷ್ಟ ಅಲ್ವಾ?

ಇನ್ನು ರಾಸಾಯನಿಕ ಬಿಟ್ಟು ಬೇಸಾಯ ಮಾಡಿಸುವ ನೈಸರ್ಗಿಕ ಕೃಷಿ ಮಿಷನ್‌ಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು, 2,481 ಕೋಟಿ ರೂಪಾಯಿ. ಇಂಗಾಲ ಅಳೆದು ದುಡ್ಡು ಕೊಡುವುದಿಲ್ಲ. ತರಬೇತಿ, ಸಗಣಿ, ಗಂಜಲದಿಂದ ಮಾಡುವ ಜೀವಾಮೃತದಂಥ ಒಳಸುರಿಗೆ ನೆರವು, ಅಷ್ಟೇ. ಆದರೂ ಎರಡೆಕರೆಯವರಿಗೆ ನಾನು ಹೇಳುವುದು ಈ ಮಿಷನ್ನನ್ನೇ. ಹೊಂಗೆ ಸೊಪ್ಪು ಹೊದಿಸಿದ ಜಾಗದಲ್ಲಿ ಒಂದು ಹಿಡಿ ಕೆಂಪು ಮಣ್ಣು ತೆಗೆದು ನೋಡಿ, ತಣ್ಣಗೆ, ಉದುರುದುರಾಗಿ ಇರುತ್ತದೆ. ಪಕ್ಕದ ಬರಿ ನೆಲ ಮಳೆ ನಿಂತ ಮಾರನೇ ದಿನವೇ ಹಪ್ಪಳದ ಹಾಗೆ ಗಟ್ಟಿ. ಆ ತೇವವೇ ಮಳೆ ಕೈಕೊಟ್ಟಾಗ ರಾಗಿ ಪೈರನ್ನು ನಾಲ್ಕು ದಿನ ಹಿಡಿದಿಡುವುದು.

ಇಪ್ಪತ್ತೆಕರೆ ಮಾವಿನ ತೋಟ ಇದ್ದರೆ, ಇಲ್ಲವೇ ಊರಿನ ರೈತರೆಲ್ಲ ಕಂಪನಿ ಮಾಡಿಕೊಂಡಿದ್ದರೆ ಕ್ರೆಡಿಟ್ ಮಾತಾಡಬಹುದು. ಸಹಿಗೆ ಮುಂಚೆ ಮಣ್ಣು ಆರೋಗ್ಯ ಕಾರ್ಡ್ ತೆಗೆದು ಸಾವಯವ ಇಂಗಾಲ ಎಷ್ಟಿದೆ ನೋಡಿ. ಶೇ 0.5ಕ್ಕಿಂತ ಕೆಳಗಿದ್ದರೆ ಅದು ಕಡಿಮೆ ಅಂತಲೇ ಲೆಕ್ಕ.